ಕತ್ತರಿಸದ ಜಡೆ

ವಿಯೆನ್ನಾ
ಜನವರಿ ೩, ೨೦೨೩

ಪ್ರೀತಿಯ ಫರಂಗೀಸ್ ಅತ್ತೆಗೆ ನಿಮ್ಮ ಪೂಪಕ್ ಮಾಡುವ ಸಲಾಂ.

ಫೋನಿನಲ್ಲಿ ಏನೂ ಮಾತಾಡಬೇಡ ಎಂದು ನೀವು ಹೇಳಿ ಕಳಿಸಿದ ಮೇಲೆ ಎರಡು ತಿಂಗಳು ಸುಮ್ಮನಿದ್ದೆ. ಈಗ ಊರಿಗೂ ಇಲ್ಲಿಗೂ ಆಗಾಗ ಓಡಾಡುವ ಒಬ್ಬರ ಪೆಟ್ಟಿಗೆಯಲ್ಲಿ, ಸ್ವೆಟರಿನ ಮಡಿಕೆಯೊಳಗಿಟ್ಟು ಈ ಪತ್ರ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವರ ಕೈಯಲ್ಲೇ ಕೊಡಬಹುದು.

ಆಲಾಲೆಯ ಸಾವಿನ ಸುದ್ದಿ ಬಂದಾಗಿನಿಂದ ನಾನು ಮೊದಲಿನವಳಾಗಿ ಉಳಿದಿಲ್ಲ. ಹನ್ನೊಂದು ವರ್ಷದವಳಿದ್ದಾಗ ಅಪ್ಪನ ಕೈ ಹಿಡಿದು ನಾನು ದೇಶ ಬಿಟ್ಟೆ. ನಿಮ್ಮ ಮಗಳು ಆಗಿನ್ನೂ ಹುಟ್ಟಿರಲಿಲ್ಲ. ಆದರೂ ಅವಳು ನನ್ನೊಳಗೇ ಬೆಳೆದವಳು ಅನ್ನಿಸುತ್ತದೆ. ಇಷ್ಟು ವರ್ಷ ರಂಗದ ಮೇಲೆ ಬೇರೆಯವರ ಮಾತು ಆಡಿದೆ. ಈಗ ನಮ್ಮ ಮಾತು ಆಡಬೇಕೆಂದು ಏಕವ್ಯಕ್ತಿ ನಾಟಕವೊಂದನ್ನು ಬರೆದಿದ್ದೇನೆ. ಹೆಸರು ‘ಏಳು ಜಡೆ’. ತಲೆವಸ್ತ್ರದ ಕಡ್ಡಾಯದ ವಿರುದ್ಧ ಬೀದಿಗಿಳಿದ ಏಳು ಹೆಂಗಸರು; ಏಳೂ ನಾನೇ. ಏಳನೆಯವಳು ಆಲಾಲೆ. ಕೊನೆಯ ದೃಶ್ಯದಲ್ಲಿ ಅವಳ ತಾಯಿ, ಅಂದರೆ ನೀವು, ಸಮಾಧಿಯ ಮುಂದೆ ನಮ್ಮ ಲೋರ್ ಜನಾಂಗದ ಹೆಂಗಸರ ಪದ್ಧತಿಯಂತೆ ಎರಡೂ ಜಡೆ ಕತ್ತರಿಸಿ ಮಣ್ಣಿನ ಮೇಲಿಡುತ್ತೀರಿ. ಸುತ್ತ ಬಂದೂಕಿನವರು. ನೀವು ಅವರನ್ನು ದಿಟ್ಟಿಸಿ ನೋಡಿ ಕೂಗುತ್ತೀರಿ. ಅಭ್ಯಾಸದಲ್ಲಿ ಇದನ್ನು ನೋಡಿ ನಮ್ಮ ನಿರ್ದೇಶಕಿ ಊರ್ಸುಲಾ ಅತ್ತುಬಿಟ್ಟಳು. ಇಲ್ಲಿಯ ಹೆಂಗಸರೂ ನಮ್ಮನ್ನು ಬೆಂಬಲಿಸಿ ಕೂದಲು ಕತ್ತರಿಸಿಕೊಳ್ಳುತ್ತಿದ್ದಾರೆ, ಗೊತ್ತೇ ನಿಮಗೆ?

ಮೂರು ವಿಷಯ ತಿಳಿಸಿ. ಆ ದಿನ ಅವಳ ತಲೆವಸ್ತ್ರದ ಬಣ್ಣ ಯಾವುದು? ಅವಳ ಕೊನೆಯ ಮಾತು ಏನು? ಜಡೆ ಕತ್ತರಿಸುವಾಗ ನೀವು ಏನೆಂದು ಕೂಗಿದಿರಿ? ಮೊದಲ ಪ್ರದರ್ಶನ ಫೆಬ್ರವರಿಯಲ್ಲಿದೆ.

ನಿಮ್ಮ ಧೈರ್ಯಕ್ಕೆ ತಲೆಬಾಗುವ,
ಪೂಪಕ್


ಖೊರ್ರಮಾಬಾದ್
ದೇ ತಿಂಗಳ ೨೯, ೧೪೦೧ (ನಿಮ್ಮಲ್ಲಿ ಜನವರಿ ೧೯)

ಪೂಪಕ್,

ಪತ್ರ ತಲುಪಿತು. ನಾನು ಐದನೇ ತರಗತಿ ಓದಿದವಳು. ಹೊಲಿಗೆಯ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಕ್ಕೆರಡು ಸಾಲು ಬರೆದಿಡುತ್ತೇನೆ, ಅಷ್ಟೇ ನನ್ನ ಬರವಣಿಗೆ. ಹಾಗಾಗಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ತಲೆವಸ್ತ್ರ ಬೂದು ಬಣ್ಣದ್ದು. ಅಂಚು ನಾನೇ ಹೊಲಿದದ್ದು. ಅವಳಿಗೆ ಶೀತವಾಗಿತ್ತು, ಕಿವಿ ಮುಚ್ಚುವ ಹಾಗೆ ಕಟ್ಟಿಕೊಂಡಿದ್ದಳು.

ಮನೆಯಿಂದ ಹೊರಟಿದ್ದು ಗಿರಾಕಿಯೊಬ್ಬಳ ನಿಶ್ಚಿತಾರ್ಥದ ಉಡುಪು ಕೊಟ್ಟು ಬರಲು. ಬಾಗಿಲಲ್ಲಿ ನಿಂತು, ಅಮ್ಮಾ, ಒಂದು ಗುಂಡಿ ಸಡಿಲ ಇದೆ, ಅವರು ಕೇಳಿದರೆ ಏನು ಹೇಳಲಿ ಎಂದಳು. ನಾಳೆ ಬಂದು ಹಾಕಿಕೊಡ್ತೀನಿ ಅಂತ ಹೇಳು ಎಂದೆ. ಕೊನೆಯ ಮಾತು ಅದು. ವಾಪಸು ಬರುವಾಗ ಚೌಕದಲ್ಲಿ ಹುಡುಗಿಯರು ಘೋಷಣೆ ಕೂಗುತ್ತಿದ್ದರು, ಅವಳೂ ನಿಂತಳು. ಅದಕ್ಕೂ ಮುಂಚೆ ಮೂರು ಸಂಜೆ ನಿಂತಿದ್ದಳು, ನನಗೆ ಹೇಳಿಯೇ ಹೋಗಿದ್ದಳು. ಆ ದಿನ ಗಂಟಲು ಕಟ್ಟಿದ್ದರಿಂದ ಕೂಗಲಾಗದೆ ಚಪ್ಪಾಳೆ ತಟ್ಟುತ್ತಿದ್ದಳಂತೆ. ಆಗ ಗುಂಡು ಹಾರಿಸಿದರು.

ಜಡೆ ನಾನು ಕತ್ತರಿಸಲಿಲ್ಲ. ಮನಸ್ಸಾಗಲಿಲ್ಲ.

ಹೆಸರು ಹಾಕಬಹುದೇ ಎಂದು ನೀನು ಕೇಳಲಿಲ್ಲ. ಹಾಕಬೇಡ. ಅವಳದೂ ಬೇಡ, ನನ್ನದೂ ಬೇಡ, ಊರಿನದೂ ಬೇಡ. ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಮಹ್‌ನೂಷ್‌ಗೆ ಈಗ ಹದಿನೆಂಟು. ಅಕ್ಕನನ್ನು ಎತ್ತಿಕೊಳ್ಳಲು ಓಡಿದವಳನ್ನು ಅಲ್ಲೇ ಹಿಡಿದುಕೊಂಡು ಹೋಗಿದ್ದರು. ಮನೆಯ ಪತ್ರ ಒತ್ತೆಯಿಟ್ಟು ಜಾಮೀನಿನ ಮೇಲೆ ಕರೆತಂದಿದ್ದೇನೆ. ವಿಚಾರಣೆ ಬಾಕಿ ಇದೆ. ಇದಕ್ಕಿಂತ ಬಿಡಿಸಿ ಬರೆಯಲಾರೆ, ನೀನು ದಡ್ಡಿಯಲ್ಲ.

ನಿರ್ದೇಶಕಿ ಅತ್ತಳೆಂದು ಬರೆದಿದ್ದೀಯ. ಅವಳಿಗೆ ಕುಡಿಯಲು ನೀರು ಕೊಡು.

ಫರಂಗೀಸ್


ವಿಯೆನ್ನಾ
ಫೆಬ್ರವರಿ ೨೧, ೨೦೨೩

ಪ್ರೀತಿಯ ಅತ್ತೆ,

ಮೊನ್ನೆ ಮೊದಲ ಪ್ರದರ್ಶನವಾಯಿತು. ನೂರ ಇಪ್ಪತ್ತು ಜನ, ಒಂದು ಕುರ್ಚಿಯೂ ಖಾಲಿಯಿಲ್ಲ. ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಹತ್ತು ನಿಮಿಷ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕಿ ಬಂದು ನನ್ನ ಕೈಗೆ ಮುತ್ತಿಟ್ಟು, ನಿಮ್ಮ ಅತ್ತೆ ದೊಡ್ಡ ಹೆಂಗಸು ಎಂದಳು.

ಹೆಸರಿನ ಬಗ್ಗೆ ನಾನೂ ಊರ್ಸುಲಾಳೂ ತುಂಬ ಯೋಚಿಸಿದೆವು. ನೀವು ಸಿಟ್ಟಾಗಬೇಡಿ. ಹೆಸರಿಲ್ಲದೆ ಸಾಯಬೇಕೆಂಬುದು ಕೊಂದವರ ಆಸೆ. ಅದನ್ನು ನಾವೇ ಪೂರೈಸಿದರೆ ಹೇಗೆ? ಆಲಾಲೆಯ ಹೆಸರನ್ನು ನಾನು ಮೂರು ಸಲ ಕೂಗುತ್ತೇನೆ, ಸಭೆ ನನ್ನ ಜೊತೆ ಕೂಗುತ್ತದೆ. ನೀವು ಅಲ್ಲಿ ಹೆದರಿಕೊಂಡಿದ್ದೀರಿ, ನನಗೆ ಅರ್ಥವಾಗುತ್ತದೆ, ಇದರಲ್ಲಿ ನಾಚಿಕೆಯೇನಿಲ್ಲ. ನಿಮ್ಮ ಪಾಲಿನ ಕೂಗನ್ನೂ ಇಲ್ಲಿ ನಾನೇ ಕೂಗುತ್ತೇನೆ.

ಗುಂಡಿಯ ಮಾತು ತುಂಬ ಮುದ್ದಾಗಿದೆ. ಆದರೆ ರಂಗದ ಮೇಲೆ ನಿಲ್ಲಲಿಲ್ಲ, ಅಭ್ಯಾಸ ನೋಡಲು ಬಂದವರು ನಕ್ಕರು. ಈಗ ಅವಳು ಕಸದ ಡಬ್ಬಿಯ ಮೇಲೆ ಹತ್ತಿ ತಲೆವಸ್ತ್ರಕ್ಕೆ ಬೆಂಕಿ ಹಚ್ಚುತ್ತಾಳೆ. ಬಣ್ಣ ಕೆಂಪು ಮಾಡಿದ್ದೇವೆ, ಬೂದು ಬಣ್ಣ ದೀಪದ ಬೆಳಕಿನಲ್ಲಿ ಕಾಣುವುದಿಲ್ಲ. ಜಡೆಯ ದೃಶ್ಯ ಹಾಗೆಯೇ ಇದೆ. ಪ್ರತಿ ಪ್ರದರ್ಶನಕ್ಕೆ ಹೊಸ ಕೃತಕ ಜಡೆ ಬೇಕು, ನೇಯ್ದುಕೊಡಲು ಒಬ್ಬ ಹುಡುಗಿ ಸಿಕ್ಕಿದ್ದಾಳೆ.

ಮಹ್‌ನೂಷ್‌ಗೆ ನನ್ನ ಮುತ್ತು. ಅಕ್ಕನ ಬಗ್ಗೆ ಹೆಮ್ಮೆ ಪಡಬೇಕೆಂದು ಹೇಳಿ.

ಪೂಪಕ್


ಖೊರ್ರಮಾಬಾದ್
ಫರ್ವರ್ದೀನ್ ೧೦, ೧೪೦೨ (ನಿಮ್ಮಲ್ಲಿ ಮಾರ್ಚ್ ೩೦)

ಪೂಪಕ್,

ನಿನ್ನ ನಾಟಕವನ್ನು ನಾನು ನೋಡಿದೆ. ಟಿಕೆಟಿಲ್ಲದೆ, ನನ್ನ ಮನೆಯ ಕಂಬಳಿಯ ಮೇಲೆ ಕೂತು.

ಸಾವಾದ ಮನೆಯ ಮೊದಲ ಹಬ್ಬ ಇದು. ಹೊಸ ವರ್ಷದ ದಿನ ಎಲ್ಲರೂ ಮೊದಲು ಇಂಥ ಮನೆಗೆ ಬಂದು ಕೂತು ಹೋಗಬೇಕು. ಬೀದಿಯ ತುದಿಯಲ್ಲಿ ಮೋಟಾರುಬೈಕಿನ ಮೇಲೆ ಇಬ್ಬರು ಕಾವಲು ಕೂತಿದ್ದರಿಂದ ಯಾರೂ ಬರಲಿಲ್ಲ. ಪಕ್ಕದ ಮನೆಯ ತೂಬಾ ಮಾತ್ರ ಬಂದಳು. ಅವಳಿಗೆ ಎಪ್ಪತ್ತೆರಡು, ಯಾರಿಗೂ ಹೆದರುವ ವಯಸ್ಸಲ್ಲ. ಒಂದು ಹಿಡಿ ಖರ್ಜೂರ ಮುಂದಿಟ್ಟು, ಮೊಮ್ಮಗನ ಫೋನು ತೆಗೆದು ತೋರಿಸಿದಳು. ಸಭೆಯಲ್ಲಿ ಯಾರೋ ಚಿತ್ರೀಕರಿಸಿದ್ದನ್ನು ಊರೆಲ್ಲ ನೋಡಿದೆಯಂತೆ.

“ಏನೇ ಫರಂಗೀಸ್, ಇಲ್ಲಿ ಕತ್ತರಿ ಹಿಡಿಯೋಕೆ ಕೈ ಬರಲಿಲ್ಲ, ಅಲ್ಲಿ ದಿನಾ ಸಂಜೆ ಏಳಕ್ಕೆ ಸರಿಯಾಗಿ ಕತ್ತರಿಸ್ಕೋತೀಯಂತಲ್ಲೇ” ಎಂದಳು.

ಅದು ನಾನಲ್ಲ, ನನ್ನ ಅಣ್ಣನ ಮಗಳು ಎಂದೆ.

“ಅದು ಗೊತ್ತು ಬಿಡು. ನೀನಾಗಿದ್ರೆ ಇಷ್ಟು ಚೆಂದ ಕಿರುಚ್ತಿರಲಿಲ್ಲ.”

ಚೆಂದವೇ ಕಿರುಚುತ್ತೀಯ. ಒಂದು ಮಾತು ಹೇಳುತ್ತೇನೆ, ಕೆಲಸಕ್ಕೆ ಬಂದರೆ ಇಟ್ಟುಕೋ. ನೀನು ಜಡೆಯನ್ನು ಕಿವಿಯ ಬುಡದಲ್ಲಿ ಒಂದೇ ಏಟಿಗೆ ಕತ್ತರಿಸುತ್ತೀಯ. ಕುರಿಯ ಉಣ್ಣೆಯೂ ಹಾಗೆ ಬರುವುದಿಲ್ಲ. ನನ್ನ ಅಪ್ಪ ತೀರಿಕೊಂಡಾಗ ಅಮ್ಮ ಜಡೆ ಕತ್ತರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂದಲು ಕತ್ತರಿಯಿಂದ ಜಾರುತ್ತದೆ. ಮತ್ತೆ ಮತ್ತೆ ಅಗಿಯಬೇಕು. ಕೈ ಸೋತು, ಕೊನೆಗೆ ಬೇರೆ ಹೆಂಗಸರು ಹಿಡಿದುಕೊಳ್ಳಬೇಕು. ಅಷ್ಟು ಹೊತ್ತು ಯಾರೂ ಕೂಗುವುದಿಲ್ಲ, ಕೂಗಲು ಉಸಿರು ಇರುವುದಿಲ್ಲ. ನಿನ್ನ ಜಡೆ ಹುಡುಗಿಗೆ ಗಟ್ಟಿಯಾಗಿ ನೇಯಲು ಹೇಳು.

ಹಬ್ಬದ ಐದನೇ ದಿನ ನನ್ನನ್ನು ಕಚೇರಿಗೆ ಕರೆಸಿದರು. ಎದುರಿಗೆ ಕೂತ ಅಧಿಕಾರಿ ಇನ್ನೂ ಚಿಕ್ಕವನು, ಮರ್ಯಾದಸ್ತ. ಚಹಾ ತರಿಸಿದ, ಸಕ್ಕರೆ ತುಂಡಿನ ಬಟ್ಟಲನ್ನು ನನ್ನ ಕಡೆ ಸರಿಸಿದ. ಆಮೇಲೆ ನಿನ್ನನ್ನು ತೋರಿಸಿದ.

“ಇದು ನೀವೇನಾ ಅಮ್ಮ?”

ನಾನು ಇಷ್ಟು ದಪ್ಪ ಇಲ್ಲ ಎಂದೆ. ಅವನು ನಕ್ಕ.

“ಅವತ್ತು ನೀವು ಹೀಗೆ ಕೂಗಿದ್ರಾ?”

“ನೀವೇ ಇದ್ರಲ್ಲಪ್ಪ, ಕೇಳಿಸಿತಾ?”

ಅವನು ನಗುವುದನ್ನು ನಿಲ್ಲಿಸಿ, ಖಾನೆಯಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಏನಿದೆ ಎಂದು ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ನೀನು ನನ್ನ ಹೆದರಿಕೆಯನ್ನು ಕ್ಷಮಿಸಿಬಿಟ್ಟಿದ್ದೀಯಲ್ಲ, ಅದಕ್ಕೇ ಬರೆಯುತ್ತೇನೆ. ಆಲಾಲೆ ಮೆಟ್ಟಿಲಿನಿಂದ ಬಿದ್ದು ಸತ್ತಳು ಎಂದಿದೆ. ಮಣ್ಣು ಮಾಡಲು ಐದೇ ಜನ, ಬೆಳಗಿನ ಜಾವ. ಎದೆ ಬಡಿದುಕೊಂಡು ಅಳುವುದಿಲ್ಲ, ಸಮಾಧಿಯ ಮೇಲೆ ಕೂದಲು ಇಡುವುದಿಲ್ಲ, ಹೊರದೇಶದಲ್ಲಿ ಯಾರ ಬಾಯಲ್ಲೂ ಅವಳ ಹೆಸರು ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದಿದೆ. ಕೆಳಗೆ ನನ್ನ ಸಹಿ. ಅದಕ್ಕೆ ಬದಲಾಗಿ ಒಬ್ಬಳ ಹೆಣ ಕೊಟ್ಟರು, ಇನ್ನೊಬ್ಬಳನ್ನು ಮನೆಗೆ ಬಿಟ್ಟರು. ಮಣ್ಣು ಮಾಡಿದ ದಿನ ಹೊಲಿಗೆಯ ಕತ್ತರಿ ನನ್ನ ಕೈಚೀಲದಲ್ಲೇ ಇತ್ತು. ಚೀಲದ ಬಾಯಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದೆ. ಊರಿನಲ್ಲಿ ನನ್ನನ್ನು ಕಲ್ಲೆದೆಯವಳು ಅನ್ನುತ್ತಾರೆ. ಅನ್ನಲಿ.

ಮಹ್‌ನೂಷ್‌ಳ ವಿಚಾರಣೆ ರಜೆ ಮುಗಿದ ಮೇಲಿದೆ ಎಂದು ಹೇಳಿ, ಅವನು ಬಾಗಿಲವರೆಗೆ ಬಂದು ಬಿಟ್ಟುಹೋದ. ಎರಡನೇ ಸಲ ಹೇಳುತ್ತಿದ್ದೇನೆ, ಹೆಸರು ತೆಗೆ. ಕಸದ ಡಬ್ಬಿ, ಬೆಂಕಿ, ಕೆಂಪು ಬಟ್ಟೆ ಎಲ್ಲ ನೀನೇ ಇಟ್ಟುಕೋ. ಹೆಸರು ಮಾತ್ರ ನಮ್ಮದು.

ಫರಂಗೀಸ್


ವಿಯೆನ್ನಾ
ಏಪ್ರಿಲ್ ೧೮, ೨೦೨೩

ಅತ್ತೆ,

ನಿಮ್ಮ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ನೀವು ಹೇಳಿದ ಹಾಗೆ ಮಾಡಿದ್ದೇನೆ. ಮನೆತನದ ಹೆಸರು ತೆಗೆದಿದ್ದೇನೆ, ಊರಿನ ಹೆಸರೂ ಇಲ್ಲ, ‘ಪಶ್ಚಿಮದ ಒಂದು ಬೆಟ್ಟದೂರು’ ಎಂದಷ್ಟೇ ಬರುತ್ತದೆ. ಆಲಾಲೆ ಎಂಬುದನ್ನು ಮಾತ್ರ ಬಿಟ್ಟಿದ್ದೇನೆ. ಅದು ಹೂವಿನ ಹೆಸರು, ಬೆಟ್ಟದ ತುಂಬ ಇದೆ, ಆ ಹೆಸರಿನ ಹುಡುಗಿಯರು ಸಾವಿರ ಇದ್ದಾರೆ. ಅದನ್ನೂ ತೆಗೆದರೆ ಸಭೆ ಕೂಗಲು ಏನೂ ಉಳಿಯುವುದಿಲ್ಲ. ಗೋಡೆಪತ್ರದ ಮೇಲಿನ ಚಿತ್ರ ಮಸುಕಾಗಿದೆ, ಗುರುತು ಸಿಗದು. ನೀವೇ ಅವಳ ಹದಿನೆಂಟನೇ ಹುಟ್ಟುಹಬ್ಬಕ್ಕೆ ಕಳಿಸಿದ್ದ ಚಿತ್ರ ಅದು.

ಕಾಗದದ ವಿಷಯ ಕೇಳಿ ಊರ್ಸುಲಾ ದಂಗಾದಳು. ಇದನ್ನು ಎಂಟನೇ ದೃಶ್ಯ ಮಾಡೋಣ ಎಂದಳು. ಬೇಡ, ಅತ್ತೆಯನ್ನು ಕೇಳದೆ ಮಾಡುವುದಿಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟೆ. ಆದ್ದರಿಂದ ಕೇಳುತ್ತಿದ್ದೇನೆ.

ಮೇ ತಿಂಗಳಲ್ಲಿ ಮೂರು ದೇಶಗಳ ರಂಗೋತ್ಸವಗಳಿಗೆ ಕರೆ ಬಂದಿದೆ.

ಪೂಪಕ್


ಖೊರ್ರಮಾಬಾದ್
ಒರ್ದಿಬೆಹೆಶ್ತ್ ೨೦, ೧೪೦೨ (ನಿಮ್ಮಲ್ಲಿ ಮೇ ೧೦)

ಪೂಪಕ್,

ಮಹ್‌ನೂಷ್‌ಳನ್ನು ಮೊನ್ನೆ ವಿಚಾರಣೆಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹೊತ್ತು ಇಳಿದ ಮೇಲೆ ಅವಳ ಬೂಟಿನ ದಾರ, ಕೂದಲ ಪಟ್ಟಿ, ಕಿವಿಯೋಲೆ ತಂದು ನನ್ನ ಕೈಗೆ ಕೊಟ್ಟು ಮನೆಗೆ ಹೋಗಿ ಎಂದರು. ಐದು ತಿಂಗಳು ಜೈಲು. ಅವರ ಕೈಯಲ್ಲಿದ್ದ ಫೈಲಿನೊಳಗಿಂದ ನಿನ್ನ ಗೋಡೆಪತ್ರ ಕಾಣುತ್ತಿತ್ತು. ಚಿತ್ರ ಮಸುಕಾಗಿಲ್ಲ, ಚೆನ್ನಾಗಿ ಬಂದಿದೆ.

ಇನ್ನು ಹೆಸರು ಇಟ್ಟುಕೋ. ನನಗೆ ಅದರಿಂದ ಆಗಬೇಕಾದ್ದು ಏನೂ ಉಳಿದಿಲ್ಲ. ಎಂಟನೇ ದೃಶ್ಯಕ್ಕೆ ನನ್ನ ಅನುಮತಿ ಇಲ್ಲ.

ಫರಂಗೀಸ್


ಲಿಸ್ಬನ್
ಜೂನ್ ೪, ೨೦೨೩

ಅತ್ತೆ,

ನಿಮ್ಮ ಪತ್ರ ನನಗೆ ವಿಯೆನ್ನಾ ಬಿಡುವ ದಿನ ಸಿಕ್ಕಿತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ನನ್ನಿಂದ ಆಯಿತೇ ಎಂದು ನೂರು ಸಲ ಕೇಳಿಕೊಂಡೆ. ಅವರು ಕ್ರೂರಿಗಳು, ನಾಟಕ ಇಲ್ಲದಿದ್ದರೂ ಬೇರೆ ನೆಪ ಹುಡುಕುತ್ತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ನಿಮಗೂ ಹಾಗೆ ಅನ್ನಿಸುವುದಿಲ್ಲವೇ? ಒಂದು ಸಾಲು ಬರೆಯಿರಿ.

ಕೃತಕ ಜಡೆಯನ್ನು ನೀವು ಹಂಗಿಸಿದ್ದು ಸರಿಯೇ. ನಿನ್ನೆ ಇಲ್ಲಿ, ನಾಲ್ಕು ನೂರು ಜನರ ಮುಂದೆ, ನಾಟಕ ನಿಲ್ಲಿಸಿ ನನ್ನ ಸ್ವಂತ ಕೂದಲು ಕತ್ತರಿಸಿಕೊಂಡೆ. ಹತ್ತು ವರ್ಷ ಬೆಳೆಸಿದ್ದು. ನೀವು ಹೇಳಿದ ಹಾಗೆಯೇ ಜಾರಿತು, ಆದರೂ ಬಿಡಲಿಲ್ಲ. ಇದು ನನ್ನ ತಂಗಿ ಮಹ್‌ನೂಷ್‌ಗಾಗಿ ಎಂದು ನಮ್ಮ ಲೋರ್ ಭಾಷೆಯಲ್ಲೇ ಹೇಳಿ, ಕೂದಲನ್ನು ಅವಳ ಚಿತ್ರದ ಮುಂದಿಟ್ಟೆ. ಈಗಾಗಲೇ ಎರಡು ಲಕ್ಷ ಜನ ನೋಡಿದ್ದಾರೆ. ಇಷ್ಟು ಜನ ನೋಡುತ್ತಿರುವಾಗ ಅವಳನ್ನು ಏನೂ ಮಾಡಲಾರರು. ಈ ಸಲ ನಾಟಕ ಆಡಲಿಲ್ಲ ಅತ್ತೆ, ಇದು ನಿಜ.

ಪೂಪಕ್


ಖೊರ್ರಮಾಬಾದ್
ತೀರ್ ೫, ೧೪೦೨ (ನಿಮ್ಮಲ್ಲಿ ಜೂನ್ ೨೬)

ಪೂಪಕ್,

ನೀನು ಕಳಿಸಿದ ಪತ್ರಕ್ಕಿಂತ ಮೊದಲು ನಿನ್ನ ಕೂದಲು ನಮ್ಮ ಊರಿಗೆ ಬಂತು.

ಒಂದು ಭಾನುವಾರ, ಬೆಳಗಿನ ಹತ್ತು ಗಂಟೆ. ನಾನು ಶಾಲಾ ಸಮವಸ್ತ್ರದ ತೋಳು ಕೂಡಿಸುತ್ತಿದ್ದೆ. ಬಾಗಿಲು ಬಡಿದ ಸದ್ದು. ತೆಗೆದರೆ ತೂಬಾ, ಅವಳ ಇಬ್ಬರು ಸೊಸೆಯರು, ಬೇಕರಿಯವನ ಹೆಂಡತಿ, ಕೆಳಗಿನ ಬೀದಿಯ ಆರೇಳು ಹೆಂಗಸರು. ಎಲ್ಲರೂ ಕರಿ ಬಟ್ಟೆಯಲ್ಲಿ. ತೂಬಾ ಕೆನ್ನೆ ಪರಚಿಕೊಂಡಿದ್ದಳು. ಈ ಸಲ ಮೋಟಾರುಬೈಕಿನವರನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ತೂಬಾ ನನ್ನ ಕುತ್ತಿಗೆ ತಬ್ಬಿಕೊಂಡು, “ಚಿಕ್ಕವಳನ್ನೂ ತಿಂದುಬಿಟ್ರಲ್ಲೇ ನಿನ್ನ” ಎಂದಳು.

ನಮ್ಮಲ್ಲಿ ಹೆಂಗಸು ಕೂದಲು ಕತ್ತರಿಸುವುದು ಸತ್ತವರಿಗೆ ಮಾತ್ರ. ಜೈಲಿಗೆ ಹೋದವರಿಗಲ್ಲ, ಕಾಯಿಲೆಯವರಿಗಲ್ಲ, ಕಾಣೆಯಾದವರಿಗೂ ಅಲ್ಲ. ಗಡಿಯ ಯುದ್ಧದಲ್ಲಿ ಕಾಣೆಯಾದ ಮಗನಿಗೆ ತೂಬಾ ಮೂವತ್ತೈದು ವರ್ಷದಿಂದ ಕತ್ತರಿಸಿಲ್ಲ, ಈಗಲೂ ಬಿಳಿ ಜಡೆ ಹೆಣೆದುಕೊಳ್ಳುತ್ತಾಳೆ. ಇದು ಇಲ್ಲಿಯ ಐದು ವರ್ಷದ ಮಗುವಿಗೂ ಗೊತ್ತು. ಅಣ್ಣನ ಮಗಳು, ರಕ್ತಸಂಬಂಧಿ, ನಮ್ಮ ಭಾಷೆಯಲ್ಲಿ ಹೆಸರು ಹೇಳಿ, ಚಿತ್ರದ ಮುಂದೆ ಕೂದಲು ಇಟ್ಟಿದ್ದಾಳೆ ಎಂದರೆ ಅವರು ಇನ್ನೇನು ತಿಳಿದುಕೊಳ್ಳಬೇಕು? ಹೊರಗಿನವರಿಗೆ ಸುದ್ದಿ ಮೊದಲು ಸಿಗುತ್ತದೆ, ಮನೆಯವರಿಗೆ ಕೊನೆಗೆ. ಆಲಾಲೆಯ ಸಲವೂ ಹಾಗೇ ಆಗಿತ್ತು. ನಾನೂ ನಂಬಿದೆ.

ಜೈಲಿನ ಬಾಗಿಲಿಗೆ ಓಡಿದೆ. ಕೈದಿಗಳ ಫೋನು ಮಂಗಳವಾರ, ಮಂಗಳವಾರ ತಿಳಿಯುತ್ತೆ ಹೋಗಮ್ಮ ಎಂದು ಕಾವಲಿನವನು ನನ್ನ ಮುಖ ನೋಡದೆ ಹೇಳಿದ. ಮುಖ ನೋಡಲಿಲ್ಲ ಎಂಬುದೇ ನನಗೆ ಸಾಕ್ಷಿಯಾಯಿತು. ಮನೆಗೆ ಬಂದೆ. ಅಡುಗೆಮನೆಯಲ್ಲಿ ಹೆಂಗಸರು ಸಾವಿನ ಹಲ್ವ ಕೆದಕುತ್ತಿದ್ದರು, ಹಿಟ್ಟು ಹುರಿದ ವಾಸನೆ ಬೀದಿಯವರೆಗೆ ಇತ್ತು. ಇನ್ನು ನನಗೆ ಯಾವ ಕಾಗದ? ಯಾರನ್ನು ಉಳಿಸಿಕೊಳ್ಳಲು? ಕತ್ತರಿ ಹೊಲಿಗೆ ಯಂತ್ರದ ಮೇಲೇ ಇತ್ತು. ಕತ್ತರಿಸಿದೆ. ತೂಬಾ ಹಿಡಿದುಕೊಂಡಳು.

ಭಾನುವಾರ, ಸೋಮವಾರ, ಎರಡು ದಿನ ನಾನು ಬದುಕಿರುವ ಮಗಳಿಗೆ ಸೂತಕ ಹಿಡಿದು ಕೂತೆ. ಮಂಗಳವಾರ ಹನ್ನೊಂದಕ್ಕೆ ಫೋನು ಬಂತು.

“ಅಮ್ಮಾ, ಹಲ್ಲುಜ್ಜೋ ಬ್ರಷ್ಷು ಕಳಿಸು. ಅಲ್ಯಾರು ಅಳ್ತಿರೋದು?”

ಟಿವಿ ಎಂದೆ.

ನನ್ನ ಜಡೆಗಳು ಈಗ ಒಂದು ದಿಂಬಿನ ಚೀಲದಲ್ಲಿವೆ. ಆಲಾಲೆಗೆ ಕೊಡಬೇಕಿದ್ದದ್ದನ್ನು ಕೊಡಲಿಲ್ಲ, ಮಹ್‌ನೂಷ್‌ಗೆ ಕೊಡಬಾರದ್ದನ್ನು ಕೊಟ್ಟೆ. ಇದು ಮತ್ತೆ ಬೆಳೆದು ಜಡೆಯಾಗಲು ನನ್ನ ವಯಸ್ಸಿಗೆ ಎಷ್ಟು ಕಾಲ ಬೇಕೋ.

ನಿನ್ನಿಂದ ಆಯಿತೇ ಎಂದು ಕೇಳಿದ್ದೀಯ. ಬಂದೂಕು ನಿನ್ನದಲ್ಲ, ಜೈಲು ನಿನ್ನದಲ್ಲ, ಅಷ್ಟು ನನಗೂ ಗೊತ್ತು. ಆದರೆ ನೀನು ಬೇಡಿದ ಆ ಒಂದು ಸಾಲನ್ನು ನಾನು ಬರೆಯುವುದಿಲ್ಲ. ಎರಡು ಲಕ್ಷ ಜನ ಇದ್ದಾರಲ್ಲ, ಅವರನ್ನು ಕೇಳು. ನಿನ್ನದು ನಿಜವಾದ ಕೂದಲು ಎಂದು ಬರೆದಿದ್ದೀಯ. ಸುಳ್ಳು ಕೂದಲೇ ವಾಸಿಯಿತ್ತು. ಅದನ್ನು ನೋಡಿ ಯಾರೂ ನನ್ನ ಮನೆಗೆ ಹಲ್ವ ಮಾಡಲು ಬಂದಿರಲಿಲ್ಲ.

ಫರಂಗೀಸ್


ವಿಯೆನ್ನಾ
ಜುಲೈ ೧೭, ೨೦೨೩

ಅತ್ತೆ,

ಕೂದಲು ಕತ್ತರಿಸುವುದರ ಅರ್ಥ ನನಗೆ ಗೊತ್ತಿತ್ತು ಅಂದುಕೊಂಡಿದ್ದೆ. ಅಜ್ಜಿ ಕತ್ತರಿಸಿದ ಕತೆಯನ್ನು ಅಪ್ಪ ಎಷ್ಟೋ ಸಲ ಹೇಳಿದ್ದರು. ಯಾರಿಗೆ ಕತ್ತರಿಸಬಾರದು ಎಂಬುದನ್ನು ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ.

ನಾಟಕ ನಿಲ್ಲಿಸಿದ್ದೇನೆ. ಊರ್ಸುಲಾ ಮಾತು ಬಿಟ್ಟಿದ್ದಾಳೆ. ಗೋಡೆಪತ್ರಗಳನ್ನು ತೆಗೆಸಿದೆ, ಆದರೆ ಫೋನುಗಳಲ್ಲಿ ಇರುವುದನ್ನು ತೆಗೆಯಲು ಆಗುತ್ತಿಲ್ಲ. ಮಹ್‌ನೂಷ್ ಬಂದ ದಿನ ಒಂದು ಮಾತು ತಿಳಿಸಿ. ಮತ್ತೇನೂ ಕೇಳುವುದಿಲ್ಲ.

ಪೂಪಕ್


ಖೊರ್ರಮಾಬಾದ್
ಮೆಹ್ರ್ ೨೦, ೧೪೦೨ (ನಿಮ್ಮಲ್ಲಿ ಅಕ್ಟೋಬರ್ ೧೨)

ಪೂಪಕ್,

ತಿಳಿಸು ಎಂದಿದ್ದೆ, ತಿಳಿಸುತ್ತಿದ್ದೇನೆ. ಮೊನ್ನೆ ಮಹ್‌ನೂಷ್ ಬಂದಳು. ತೂಕ ಇಳಿದಿದೆ, ಒಂದು ಹಲ್ಲು ಹೋಗಿದೆ, ಕಣ್ಣು ಸರಿಯಾಗಿವೆ. ಜೈಲಿನಿಂದ ಕರೆತರುವಾಗ ನಾನು ತಲೆವಸ್ತ್ರ ಬಿಗಿಯಾಗಿ ಕಟ್ಟಿಕೊಂಡಿದ್ದೆ. ಮನೆಯಲ್ಲಿ ಹುಳಿ ಮೊಸರು ಹಾಕಿದ ದಪ್ಪ ಸೂಪು ಕಾಯಿಸಿಟ್ಟಿದ್ದೆ. ಅದನ್ನು ಬಡಿಸಲು ಬಗ್ಗಿದಾಗ ವಸ್ತ್ರ ಜಾರಿತು.

ಅವಳು ಚಮಚ ಕೆಳಗಿಟ್ಟಳು. ನನ್ನ ತಲೆಯನ್ನೇ ನೋಡಿದಳು. ನಾಲ್ಕು ತಿಂಗಳಲ್ಲಿ ಕಿವಿಯವರೆಗೆ ಬಂದಿದೆ ಅಷ್ಟೇ, ಹುಲ್ಲು ಕೊಯ್ದ ಹಾಗೆ ಇದೆ.

“ಅ‌ಮ್ಮಾ, ಯಾರು ಸತ್ತರು?”

ನಿನ್ನ ವಿಷಯ, ನಿನ್ನ ಲಿಸ್ಬನ್, ಆ ಭಾನುವಾರ, ಯಾವುದನ್ನೂ ಅವಳಿಗೆ ಹೇಳಲಿಲ್ಲ. ನೀನು ಬಂದು ಒಂದು ದಿನ ಅವಳ ಎದುರಿಗೆ ಕೂತು ಹೇಳಬಲ್ಲೆಯಾದರೆ ನೀನೇ ಹೇಳು, ಸಭೆಯಿಲ್ಲದೆ.

ಈ ಒಂದು ವರ್ಷದಲ್ಲಿ ನಮ್ಮ ಮನೆಯೊಳಗೆ ಆಲಾಲೆಯ ಹೆಸರು ಎತ್ತಿರಲಿಲ್ಲ. ಮೆಟ್ಟಿಲು ಎಂಬ ಮಾತಿಗೆ ಸಹಿ ಹಾಕಿದ ಮೇಲೆ ನನ್ನ ನಾಲಿಗೆ ಅವಳ ಹತ್ತಿರ ಹೋಗಲು ನಾಚಿತ್ತು. ಮಹ್‌ನೂಷ್ ಕೂಡ ನನ್ನ ಸ್ಥಿತಿ ಕಂಡೇ ಆ ಹೆಸರು ಎತ್ತಿರಲಿಲ್ಲ.

“ನಿನ್ನಕ್ಕ ಸತ್ತಳು” ಎಂದೆ. “ಅವಳನ್ನ ಗುಂಡಿಟ್ಟು ಕೊಂದ್ರು.”

ಆಮೇಲೆ ನಾವಿಬ್ಬರೂ ಹೇಗೆ ಅತ್ತೆವು, ಏನೆಂದು ಕೂಗಿದೆವು ಎಂಬುದನ್ನು ನಿನಗೆ ಬರೆಯುವುದಿಲ್ಲ.

ಫರಂಗೀಸ್